ಆರು ತಿಂಗಳಲ್ಲಿ ಸರಿಹೋಗುವ ಕಾಗದ

ಆ ಶನಿವಾರ ನಾನು ಮಾವನ ಅಂಗಿಗೆ ಇಸ್ತ್ರಿ ಹಾಕಲಿಲ್ಲ.

ಹಾಕಬಾರದೆಂದು ಮೊದಲೇ ಅಂದುಕೊಂಡಿರಲಿಲ್ಲ. ಬಿಳಿ ಅಂಗಿ ಹಲಗೆಯ ಮೇಲೆ ಹರಡಿತ್ತು, ಇಸ್ತ್ರಿ ಪೆಟ್ಟಿಗೆ ಕಾದಿತ್ತು. ಇವತ್ತು ಯಾರ ಮಣ್ಣು ಎಂದು ಅತ್ತೆಯನ್ನು ಕೇಳಿದೆ.

"ಆ ಬೆನಾವಿಡೆಸ್ ಮುದುಕಂದು," ಎಂದರು ಅತ್ತೆ, ಟೋರ್ಟಿಯಾ ರೊಟ್ಟಿಗೆ ಹಿಟ್ಟು ನಾದುತ್ತ. "ಹೆಂಡ್ತಿ ಹಲ್ಲು ಉದುರಿಸಿದ್ನಲ್ಲ, ಅವನು."

"ಅವನಿಗೂ ಸೈನಿಕರ ಗೌರವದ ಗುಂಡು ಹಾರಿಸ್ತಾರಾ?"

"ಮೂರು ಸುತ್ತು. ಕಾಗದ ಚೆನ್ನಾಗಿದೆಯಲ್ಲ."

ನಾನು ಇಸ್ತ್ರಿ ಪೆಟ್ಟಿಗೆಯ ವೈರು ಕಿತ್ತೆ. ಮಾವ ಬನಿಯನ್ನಿನಲ್ಲೇ ಒಳಗಿಂದ ಬಂದರು.

"ಅಂಗಿ ಎಲ್ಲಮ್ಮ?"

"ಅಲ್ಲೇ ಇದೆ. ಇಸ್ತ್ರಿ ಹಾಕಿಲ್ಲ ಮಾವ. ಹಾಕೋದೂ ಇಲ್ಲ."

"ಯಾಕೆ, ಕರೆಂಟಿಲ್ವಾ?"

"ಕರೆಂಟಿದೆ. ಜರ್ಮನಿಯ ಸೇನಾ ಉಗ್ರಾಣದಲ್ಲಿ ಎರಡು ವರ್ಷ ಕಂಬಳಿ ಎಣಿಸಿದೋನಿಗೆ ಮೂರು ಸುತ್ತು ಗುಂಡು. ಇರಾಕಿನಲ್ಲಿ ಹದಿನೈದು ತಿಂಗಳು ಲಾರಿ ಓಡಿಸಿದ ನನ್ನ ಗಂಡನಿಗೆ ಒಂದು ಬಾವುಟಾನೂ ಇಲ್ಲ. ಇನ್ನು ಆ ಅಂಗಿ ನಾನು ಮುಟ್ಟಲ್ಲ."

"ನಿಯಮ ನಾನು ಮಾಡಿದ್ದಲ್ಲ, ಇನೆಸ್."

"ಮಗನ್ನಾದ್ರೂ ನೀನು ಮಾಡಿದ್ದು ತಾನೆ?" ಎಂದರು ಅತ್ತೆ, ತಲೆ ಎತ್ತದೆ.

ಮಾವ ಸುಕ್ಕು ಅಂಗಿಯ ಮೇಲೆ ಕೋಟು ತೊಟ್ಟುಕೊಂಡು ಹೋದರು. ಹನ್ನೊಂದು ಗಂಟೆಗೆ ಗುಡ್ಡದ ಮೇಲಿನ ಸ್ಮಶಾನದಿಂದ ಮೂರು ಸುತ್ತು ಗುಂಡಿನ ಸದ್ದು ಬಂತು. ನಾನು ಪಾತ್ರೆ ತೊಳೆಯುತ್ತಿದ್ದೆ.

ನಮ್ಮ ಕಣಿವೆಯಲ್ಲಿ ಮಾಜಿ ಸೈನಿಕ ಸತ್ತರೆ ಆರು ಮುದುಕರ ತುಕಡಿ ಬರುತ್ತದೆ; ಅವರೂ ಮಾಜಿ ಸೈನಿಕರೇ. ಮೂರು ಸುತ್ತು ಗುಂಡು ಹಾರಿಸುತ್ತಾರೆ. ಶವಪೆಟ್ಟಿಗೆಯ ಮೇಲಿನ ಬಾವುಟವನ್ನು ಹದಿಮೂರು ಮಡಿಕೆಯಲ್ಲಿ ತ್ರಿಕೋನ ಮಾಡಿ ಹೆಂಡತಿಯ ಕೈಗೆ ಕೊಡುತ್ತಾರೆ. ಮಡಚುವವರು ನನ್ನ ಮಾವ ಫಿಡೆನ್ಸಿಯೊ. ಅವರಷ್ಟು ಬಿಗಿಯಾಗಿ ನ್ಯೂ ಮೆಕ್ಸಿಕೊದ ಈ ಭಾಗದಲ್ಲಿ ಯಾರೂ ಮಡಚುವುದಿಲ್ಲ ಎನ್ನುತ್ತಾರೆ. ತುಕಡಿಯ ಮುಖಂಡ ಸೆಫೆರಿನೊ. ಸತ್ತವರ ಮನೆಗೆ ಬಂದಾಗ ಅವರು ಮೊದಲು ಕೇಳುವುದು ಸೇನೆಯ ಬಿಡುಗಡೆ ಪತ್ರ. ಅದರಲ್ಲೊಂದು ಚೌಕವಿದೆ. ಆ ಚೌಕದಲ್ಲಿ 'ಗೌರವಯುತ' ಎಂದಿರಬೇಕು.

ಹೋದ ವರ್ಷ ಫೆಬ್ರವರಿಯಲ್ಲಿ ನನ್ನ ಗಂಡ ಎಲಾದಿಯೊ ಓಡಿಸುತ್ತಿದ್ದ ಗ್ಯಾಸಿನ ಲಾರಿ ಹಿಮದ ರಸ್ತೆಯಲ್ಲಿ ಉರುಳಿತು. ಸತ್ತಾಗ ಅವನಿಗೆ ಮೂವತ್ತೈದು. ಸೆಫೆರಿನೊ ಬಂದು ಪತ್ರ ಕೇಳಿದರು. ನಾನು ಕೊಟ್ಟೆ. ಚೌಕದಲ್ಲಿ 'ಗೌರವವಲ್ಲದ ರೀತಿಯ ಬಿಡುಗಡೆ' ಎಂದಿತ್ತು. ಅವರು ಅದನ್ನು ಮಡಚಿ ನನ್ನ ಕೈಗೆ ಕೊಟ್ಟು ಮಾವನ ಮುಖ ನೋಡಿದರು.

"ನಿಯಮ ನಿಯಮಾನೇ," ಎಂದರು ಮಾವ.

ಮಗನ ಮಣ್ಣಿನ ದಿನ ಅವರು ಸಮವಸ್ತ್ರ ಹಾಕಲಿಲ್ಲ. ಕಪ್ಪು ಸೂಟಿನಲ್ಲಿ ನಿಂತಿದ್ದರು. ಪ್ರತಿ ಮೇ ತಿಂಗಳಲ್ಲೂ ತುಕಡಿಯವರು ಸೈನಿಕರ ಸಮಾಧಿಗಳಿಗೆಲ್ಲ ಪುಟ್ಟ ಬಾವುಟ ಚುಚ್ಚುತ್ತಾರೆ. ಹೋದ ಮೇನಲ್ಲಿ ನಮ್ಮ ಮಗಳು ಪಿಲಾರ್ ತಾತನ ಜೊತೆ ಬಾವುಟದ ಬುಟ್ಟಿ ಹಿಡಿದು ಹೋದಳು. ಅವಳಿಗೆ ಎಂಟು ವರ್ಷ. ಬುಟ್ಟಿಯಲ್ಲಿ ಹನ್ನೊಂದು ಬಾವುಟ ಉಳಿದಿದ್ದವು. ಅಪ್ಪನಿಗೆ ಒಂದು ಇಡಲಾ ಎಂದು ಕೇಳಿದಳಂತೆ. ತಾತ ಬುಟ್ಟಿ ಕಸಿದುಕೊಂಡರಂತೆ. ಮನೆಗೆ ಬಂದು ನನಗೆ ಹೇಳಿದಳು. ಅಳಲಿಲ್ಲ, ಹೇಳಿದಳು ಅಷ್ಟೆ.

ಬೆನಾವಿಡೆಸ್‌ಗೆ ಗುಂಡು ಹಾರಿಸಿದ ನಂತರದ ಮಂಗಳವಾರ ನಾನು ಅಲ್ಬುಕರ್ಕಿಗೆ ಹೋದೆ. ನಾನು ಓದಿದ ವಿಶ್ವವಿದ್ಯಾಲಯದ ಹತ್ತಿರ ಇಂಥ ಪತ್ರಗಳನ್ನು ತಿದ್ದಿಸಿಕೊಡುವ ವಕೀಲರ ಒಂದು ಕಚೇರಿ ಇತ್ತು. ಅಲ್ಲಿನ ವಕೀಲೆ ಡೆಲ್ಫೀನ್ ತ್ಸೋಸಿ ನನಗಿಂತ ಚಿಕ್ಕ ಹುಡುಗಿ. ಸೇನೆಯಿಂದ ತರಿಸಿದ್ದ ಕಡತವನ್ನು ನಾನು ಮೇಜಿನ ಮೇಲಿಟ್ಟೆ.

"ಯಾವಾಗ ಬಿಡುಗಡೆ ಆಗಿದ್ದು?"

"ಎರಡು ಸಾವಿರದ ಎಂಟು. ಅಕ್ಟೋಬರ್ ಇಪ್ಪತ್ನಾಲ್ಕು."

ಅವಳು ಗೋಡೆಯ ಕ್ಯಾಲೆಂಡರು ನೋಡಿದಳು. "ಹದಿನೈದು ವರ್ಷದೊಳಗೆ ಸೇನೆಯ ಮಂಡಳಿಗೆ ಅರ್ಜಿ ತಲುಪಬೇಕು. ನಿಮಗೆ ಏಳು ವಾರ ಇದೆ. ಆಮೇಲೆ ಇನ್ನೊಂದು ಮಂಡಳಿ ಇದೆ, ಅಲ್ಲಿ ಇನ್ನೂ ಕಷ್ಟ. ಗಂಡ ಇಲ್ಲದಿದ್ರೂ ಹೆಂಡತಿ ಕೇಳಬಹುದು, ಅದಕ್ಕೆ ತೊಂದರೆ ಇಲ್ಲ."

ಕಡತವನ್ನು ಒಟ್ಟಿಗೇ ಓದಿದೆವು. ಹದಿನೆಂಟಕ್ಕೆ ಸೇರಿದ್ದ. ಇರಾಕಿನಿಂದ ಬಂದಾಗ ಮೇಲಧಿಕಾರಿಯ ಶಹಭಾಸ್ ಪತ್ರ ಒಂದು. ಆರು ತಿಂಗಳ ನಂತರ ಕುಡಿದು ಸಾರ್ಜೆಂಟನ ಮೇಲೆ ಕುರ್ಚಿ ಎಸೆದದ್ದು. ಗಾಂಜಾ ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದು. ಕೊನೆಗೆ ರಜೆಯಿಲ್ಲದೆ ನಲವತ್ಮೂರು ದಿನ ಕಾಣೆ. ಆಗ ಅವನಿಗೆ ಇಪ್ಪತ್ತೊಂದು. ಆ ನಲವತ್ಮೂರು ದಿನ ಅವನು ನಮ್ಮ ಬೆಟ್ಟದ ಮೇಲಿನ ಕುರಿದೊಡ್ಡಿಯ ಗುಡಿಸಲಿನಲ್ಲಿದ್ದ. ಮಾವನೇ ಹುಡುಕಿ ಪಿಕಪ್ಪಿನಲ್ಲಿ ಕೂರಿಸಿಕೊಂಡು ಹೋಗಿ ಶಿಬಿರದ ಗೇಟಿಗೆ ಬಿಟ್ಟಿದ್ದರು. ಅಷ್ಟು ನನಗೆ ಗೊತ್ತಿತ್ತು.

ಕೊನೆಯ ಹಾಳೆ ನನಗೆ ಗೊತ್ತಿರಲಿಲ್ಲ. ವಿಚಾರಣೆ ಬೇಡ, ಗೌರವವಲ್ಲದ ಬಿಡುಗಡೆಯೇ ಸಾಕು ಎಂದು ಅವನೇ ರುಜು ಹಾಕಿ ಕೇಳಿಕೊಂಡಿದ್ದ. ಕೆಳಗೆ ಅವನ ಕೈಬರಹ: 'ನನಗೆ ವಕೀಲರ ಜೊತೆ ಮಾತಾಡಬೇಕಾಗಿಲ್ಲ. ಅಪ್ಪನ ಜೊತೆ ಫೋನಿನಲ್ಲಿ ಮಾತಾಡಿದ್ದೇನೆ.'

ಡೆಲ್ಫೀನ್ ಆ ಸಾಲಿನ ಮೇಲೆ ಪೆನ್ನಿಟ್ಟಳು. "ಅಪ್ಪ ಏನು ಹೇಳಿದರು?"

"ಗೊತ್ತಿಲ್ಲ."

"ಆರು ತಿಂಗಳಾದ ಮೇಲೆ ತಾನಾಗೇ ಸರಿಹೋಗುತ್ತೆ ಅಂತ ಯಾರಾದ್ರೂ ಹೇಳಿದ್ರಾ? ಬ್ಯಾರಕ್ಕುಗಳಲ್ಲಿ ಅಜ್ಜಂದಿರ ಕಾಲದಿಂದಲೂ ಓಡಾಡೋ ಸುಳ್ಳು ಅದು. ರುಜು ಹಾಕು, ಮನೆಗೆ ಹೋಗು, ಆರು ತಿಂಗಳಲ್ಲಿ ಕಾಗದ ಗೌರವಯುತ ಆಗುತ್ತೆ ಅಂತಾರೆ. ಹಾಗೆ ಯಾವತ್ತೂ ಆಗಲ್ಲ. ಅದನ್ನ ನಂಬಿ ರುಜು ಹಾಕಿದ ಅಂತ ಗೊತ್ತಿರೋರು ಪ್ರಮಾಣ ಮಾಡಿ ಬರೆದುಕೊಟ್ರೆ ನಮಗೆ ಬಲ ಬರುತ್ತೆ. ಊರಿನವರ ಒಂದು ನಡತೆ ಪತ್ರಾನೂ ಬೇಕು."

ಎರಡು ಹಾಳೆ, ಒಂದು ಅಪ್ಪನದು, ಒಂದು ಊರಿನದು. ಸುಲಭ ಎನಿಸಿತು.

ಸಂಜೆ ಊಟಕ್ಕೆ ಬೀನ್ಸ್, ಆಲೂಗಡ್ಡೆ, ಬಿಸಿ ಟೋರ್ಟಿಯಾ. ನಾನು ಕೇಳಿದೆ.

"ಮಾವ, ಆ ದಿನ ಫೋನಿನಲ್ಲಿ ಎಲಾದಿಯೊಗೆ ಏನು ಹೇಳಿದಿರಿ?"

"ಯಾವ ದಿನ?"

"ರುಜು ಹಾಕೋ ದಿನ."

"ಹದಿನೈದು ವರ್ಷದ ಹಿಂದಿನ ಫೋನು ಯಾರಿಗೆ ನೆನಪಿರುತ್ತೆ?"

"ನಿನಗೆ ಸಾವಿರದ ಒಂಬೈನೂರ ಎಪ್ಪತ್ತರಲ್ಲಿ ಸೇನೆಯಲ್ಲಿ ಕೊಟ್ಟ ಮೊಟ್ಟೆ ಹಳಸಿತ್ತು ಅಂತ ನೆನಪಿದೆ," ಎಂದರು ಅತ್ತೆ.

"ಮೊಟ್ಟೆ ಬೇರೆ, ಎರ್ಲಿಂಡಾ."

"ಹೌದು, ಮೊಟ್ಟೆ ಮಗ ಅಲ್ಲ."

ಮಾವ ತಟ್ಟೆ ತೊಳೆಯದೆ ಎದ್ದರು. ನಮ್ಮ ಮನೆಯಲ್ಲಿ ಅವರವರ ತಟ್ಟೆ ಅವರವರೇ ತೊಳೆಯುವುದು. ಅವರ ತಟ್ಟೆಯನ್ನು ಅತ್ತೆ ತೊಳೆಯಲಿಲ್ಲ, ನಾನೂ ತೊಳೆಯಲಿಲ್ಲ. ಬೆಳಿಗ್ಗೆ ಅದೇ ತಟ್ಟೆಯಲ್ಲೇ ಅವರಿಗೆ ಮೊಟ್ಟೆ ಹಾಕಿದರು ಅತ್ತೆ.

ಮುಂದಿನ ವಾರ ಸೆಫೆರಿನೊ ಮನೆಗೆ ಬಂದರು. ಜ್ಞಾನಸ್ನಾನದಲ್ಲಿ ಧರ್ಮಪಿತನಾಗಿ ಎಲಾದಿಯೊನನ್ನು ಎತ್ತಿ ಹಿಡಿದವರು ಅವರೇ. ಅಂದಿನಿಂದ ಅವರೂ ಮಾವನೂ ಒಬ್ಬರನ್ನೊಬ್ಬರು ಕಂಪಾದ್ರೆ ಎಂದೇ ಕರೆಯುವುದು. ಕೌಂಟಿಯ ರಸ್ತೆ ಇಲಾಖೆಯಲ್ಲಿ ಮೇಸ್ತ್ರಿಯಾಗಿ ನಿವೃತ್ತಿಯಾದವರು. ಊರಲ್ಲಿ ನೋಟರಿಯ ಮುದ್ರೆ ಇರುವುದೂ ಅವರೊಬ್ಬರ ಬಳಿಯೇ.

"ಏನ್ ಕಂಪಾದ್ರೆ, ಮನೆಯಲ್ಲಿ ಯುದ್ಧವಾ?" ಎಂದರು ಒಳಗೆ ಬರುತ್ತಲೇ. "ಮೊನ್ನೆ ನಿನ್ನ ಅಂಗಿ ನೋಡಿ ಸತ್ತೋನೇ ಎದ್ದು ಕೂತ್ಕೋತಿದ್ದ."

"ಕೂತಿದ್ರೆ ಅವನ ಹೆಂಡ್ತಿ ಮತ್ತೆ ಮಲಗಿಸ್ತಿದ್ಲು," ಎಂದರು ಅತ್ತೆ. ಕಾಫಿ ಕೊಟ್ಟರು. ಸಕ್ಕರೆ ಕೊಡಲಿಲ್ಲ.

ನಾನು ಅವರ ಎದುರು ಕುಳಿತು ನಡತೆ ಪತ್ರದ ಮಾತೆತ್ತಿದೆ. ಎಲಾದಿಯೊ ಹತ್ತು ವರ್ಷ ಒಂದು ಗುಟುಕು ಕುಡಿದಿರಲಿಲ್ಲ. ಪ್ರತಿ ವಸಂತದಲ್ಲಿ ಊರ ಕಾಲುವೆಯ ಹೂಳೆತ್ತುವಾಗ ತನ್ನ ಪಾಲಿನದಲ್ಲದೆ ಮೂವರು ವಿಧವೆಯರ ಪಾಲಿನದನ್ನೂ ಎತ್ತುತ್ತಿದ್ದ. ಈಗ ನಾನೂ ಆ ಪಟ್ಟಿಗೆ ಸೇರಿದ್ದೇನೆ; ನನ್ನ ಪಾಲಿನದನ್ನು ನಾನೇ ಎತ್ತುತ್ತೇನೆ. ಇದೆಲ್ಲ ಸೆಫೆರಿನೊಗೆ ಗೊತ್ತು. ಅವರು ಲೋಟ ಕೆಳಗಿಟ್ಟರು.

"ಒಳ್ಳೆ ಕೆಲಸಗಾರ, ಇಲ್ಲ ಅನ್ನಲ್ಲ. ಆದ್ರೆ ನಡತೆ ಒಳ್ಳೇದು ಅಂತ ನನ್ನ ಕೈಯಲ್ಲಿ ಬರೆಯಕ್ಕಾಗಲ್ಲಮ್ಮ. ನನ್ನ ಇಲಾಖೆ ಅರ್ಜಿಯಲ್ಲಿ 'ಗೌರವಯುತ ಬಿಡುಗಡೆ' ಅಂತ ಸುಳ್ಳು ಬರೆದೋನು ಅವನು. ನನ್ನ ಮಗನ ಹಾಗೆ ಅಂತ ಕೆಲಸ ಇಟ್ಕೊಂಡು ಕಾಯ್ತಿದ್ದೆ. ಪತ್ರ ತರಿಸಿದ್ರೆ ಬೇರೇನೇ ಇತ್ತು. ನನ್ನ ಮಾನ ಹೋಯ್ತು."

"ಅದಕ್ಕೆ ಎಲ್ಲರ ಮುಂದೆ ಸುಳ್ಳುಗಾರ ಅಂದಿರಿ."

"ಅಂದೆ. ಇಪ್ಪತ್ತು ಜನರ ಮುಂದೆ. ಅವನು ಒಂದು ಮಾತು ತಿರುಗಿ ಹೇಳಲಿಲ್ಲ. ನಿಜ ಇದ್ದಿದ್ರೆ ಹೇಳ್ತಿರಲಿಲ್ವಾ?"

ಮಾವ ಟೋರ್ಟಿಯಾದಿಂದ ತಟ್ಟೆ ಒರೆಸುತ್ತಿದ್ದರು. ತಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ಆದರೂ ಒರೆಸುತ್ತಲೇ ಇದ್ದರು.

ಆ ಸುಳ್ಳಿನ ಕಥೆ ಮದುವೆಗೆ ಮುಂಚೆಯೇ ನನ್ನ ಕಿವಿಗೆ ಬಿದ್ದಿತ್ತು. ಯಾಕೆ ಹಾಗೆ ಬರೆದೆ ಎಂದು ಕೇಳಿದ್ದೆ. "ಬರೆದೆ, ಅಷ್ಟೆ," ಎಂದಿದ್ದ. ಆಮೇಲೆ ಜಗಳವಾದಾಗಲೆಲ್ಲ ನಾನು ಅದನ್ನು ಎತ್ತಿ ಎಸೆಯುತ್ತಿದ್ದೆ. ಸುಳ್ಳು ನಿನಗೇನು ಹೊಸದಾ ಎನ್ನುತ್ತಿದ್ದೆ. ಅವನು ಲಾರಿಯ ಕೀಲಿ ತೆಗೆದುಕೊಂಡು ಹೊರಗೆ ಹೋಗುತ್ತಿದ್ದ.

ಸೆಪ್ಟೆಂಬರ್ ಕೊನೆಗೆ ಮೆಣಸಿನಕಾಯಿ ಬಂತು. ನಾಲ್ಕು ಮೂಟೆ, ಹಸಿರು, ಅಂಗೈಯುದ್ದದವು. ರಸ್ತೆ ಬದಿಯ ಡ್ರಮ್ಮಿನಲ್ಲಿ ಸುಡಿಸಿ ತಂದು, ಬೆವರಲೆಂದು ಚೀಲದಲ್ಲಿ ಕಟ್ಟಿಟ್ಟು, ಮಧ್ಯಾಹ್ನ ನಾಲ್ವರೂ ಅಡುಗೆಮನೆಯ ಮೇಜಿಗೆ ಕುಳಿತೆವು. ಸುಟ್ಟ ಸಿಪ್ಪೆ ಸುಲಿಯುವುದು, ಬೀಜ ತೆಗೆಯುವುದು, ಪೊಟ್ಟಣ ಕಟ್ಟಿ ಫ್ರೀಜರಿಗೆ ಹಾಕುವುದು. ಇಡೀ ವರ್ಷಕ್ಕೆ ಅದೇ. ನಮಗೆ ಮೂವರಿಗೂ ರಬ್ಬರ್ ಕೈಗವಸು. ಮಾವ ಮಾತ್ರ ಬರಿಗೈಯಲ್ಲಿ.

ಪಿಲಾರ್ ಕೇಳಿದಳು. "ನವೆಂಬರಿಗೆ ಸ್ಕೂಲಲ್ಲಿ ಗೋಡೆ ಮೇಲೆ ಸೈನಿಕರ ಹೆಸರು ಹಾಕ್ತಾರಂತೆ. ಮನೆಯಿಂದ ಬರ್ಕೊಂಡು ಬನ್ನಿ ಅಂದ್ರು ಟೀಚರು. ಅಪ್ಪನ ಹೆಸರು ಬರೀಲಾ, ಇಲ್ಲಾ ತಾತಂದು ಒಂದೇನಾ?"

ಅತ್ತೆ ಪೊಟ್ಟಣಕ್ಕೆ ಇನ್ನೊಂದು ಗಂಟು ಹಾಕಿದರು.

"ಸೆಫೆ ತಾತ ಹೇಳಿದ್ರಲ್ಲ, ಅಪ್ಪ ಸುಳ್ಳು ಬರೆದಿದ್ರು ಅಂತ. ನಾನೂ ಬರೆದ್ರೆ ಸುಳ್ಳಾಗುತ್ತಾ?"

ಮಾವನ ಕೈಯಲ್ಲಿದ್ದ ಮೆಣಸಿನಕಾಯಿ ಎರಡಾಯಿತು. "ಸುಳ್ಳು ಹೇಳಿದ್ದು ನಿಮ್ಮಪ್ಪ ಅಲ್ಲ," ಎಂದರು.

"ಮತ್ಯಾರು?" ಎಂದರು ಅತ್ತೆ.

ಮಾವ ಇನ್ನೊಂದು ಕಾಯಿ ತೆಗೆದುಕೊಂಡರು. ಅದರ ಸಿಪ್ಪೆ ಪೂರ್ತಿ ಸುಲಿದರು. "ಶಿಬಿರದಿಂದ ಫೋನ್ ಮಾಡಿದ್ದ. ವಿಚಾರಣೆಗೆ ನಿಂತ್ಕೊಳ್ಳಲಾ, ರುಜು ಹಾಕ್ಲಾ ಅಂತ ಕೇಳ್ದ. ವಕೀಲನ ಕೇಳ್ತೀನಿ ಅಂದ. ವಕೀಲ ಯಾಕೋ, ಅವನು ತಿಂಗಳುಗಟ್ಲೆ ಎಳೀತಾನೆ ಅಂದೆ. ರುಜು ಹಾಕು, ಮನೆಗೆ ಬಾ, ಮೆಣಸಿನಕಾಯಿ ಬಂದಿದೆ, ಸುಲಿಯಕ್ಕೆ ಕೈ ಸಾಲ್ತಿಲ್ಲ ಅಂದೆ. ಆರು ತಿಂಗಳಲ್ಲಿ ಕಾಗದ ತಾನಾಗೇ ಸರಿಹೋಗುತ್ತೆ ಅಂದೆ. ನಮ್ಮ ಕಾಲದಲ್ಲಿ ಎಲ್ಲರೂ ಹಾಗೇ ಅಂತಿದ್ರು."

"ಆಮೇಲೆ?" ಎಂದೆ.

"ಏಪ್ರಿಲ್ ಬಂತು. ದಿನಾ ಅಂಚೆ ಡಬ್ಬಿ ನಾನೇ ಮೊದಲು ನೋಡ್ತಿದ್ದೆ. ಏನೂ ಬರಲಿಲ್ಲ. ಸೇನೆಯೋರು ಕಾಗದ ಕಳಿಸೋದಕ್ಕೆ ತಡ ಮಾಡ್ತಾರೆ, ಒಳಗೆ ಸರಿ ಮಾಡಿರ್ತಾರೆ ಅಂದ್ಕೊಂಡೆ. ಆಗೋಯ್ತು ಕಣೋ, ಸೆಫೆ ಹತ್ರ ಕೆಲಸ ಇದೆ, ಅರ್ಜಿ ಹಾಕು ಅಂದೆ. ಗೌರವಯುತ ಅಂತ ಬರಿ ಅಂದೆ." ಸುಲಿದ ಕಾಯಿಯನ್ನು ಪಾತ್ರೆಗೆ ಹಾಕಿದರು. "ಬರೆದ."

"ಅವತ್ತು ಮನೆಗೆ ಬಂದು ಎರಡು ತಟ್ಟೆ ಪೊಸೋಲೆ ತಿಂದ," ಎಂದರು ಅತ್ತೆ ಮೆಲ್ಲಗೆ. "ನನಗೆ ನೆನಪಿದೆ. ಕೆಲಸ ಏನಾಯ್ತೋ ಅಂದ್ರೆ, ಸಿಗಲಿಲ್ಲಮ್ಮ ಅಂದ. ಊರೋರಿಂದ ಗೊತ್ತಾಯ್ತು ನಂಗೆ."

"ನನಗೂ ಏನೂ ಹೇಳಲಿಲ್ಲ," ಎಂದರು ಮಾವ. "ಆಮೇಲೆ ನಾನು ಸೇನೆಯ ಕಚೇರಿಗೆ ಫೋನ್ ಮಾಡಿದೆ. ಆ ಕಡೆಯೋನು ನಕ್ಕ. ಇನ್ನೂ ಅದನ್ನ ನಂಬೋರಿದಾರಾ ಅಂದ."

"ಅದನ್ನ ಅವನಿಗೆ ಹೇಳಿದಿರಾ?"

"ಇಲ್ಲ."

"ಸೆಫೆರಿನೊಗೆ?"

"ಇಲ್ಲ."

"ಅವನ ಮಣ್ಣಿನ ದಿನ?"

"ನಾನು ಬಾಯಿ ಬಿಟ್ಟಿದ್ರೆ ಯಾಕೆ, ಏನು ಅಂತ ಕೇಳ್ತಿದ್ರು."

ಅವರ ಕಣ್ಣಲ್ಲಿ ನೀರು ಬಂದಿತ್ತು. ಒರೆಸಿಕೊಳ್ಳುವಂತಿರಲಿಲ್ಲ, ಕೈ ತುಂಬ ಮೆಣಸಿನಕಾಯಿ. ಅತ್ತೆಯ ಮುಂದೆ ಕೊಕ್ಕೆಯಲ್ಲಿ ಒದ್ದೆ ಬಟ್ಟೆ ತೂಗುತ್ತಿತ್ತು. ಅವರು ಅದನ್ನು ಕೊಡಲಿಲ್ಲ. ನಾನೂ ಕೊಡಲಿಲ್ಲ. ಪಿಲಾರ್ ಎದ್ದು ತೆಗೆದುಕೊಟ್ಟಳು.

ಹೇಳಿದರು, ಸರಿ. ಬರೆದುಕೊಡಲು ಒಪ್ಪಲಿಲ್ಲ.

"ಮನೆಯಲ್ಲಿ ಹೇಳಿದ್ದು ಸಾಕು," ಎಂದರು.

"ಮಂಡಳಿಯವರು ನಮ್ಮ ಮನೆಗೆ ಬಂದು ಮೆಣಸಿನಕಾಯಿ ಸುಲಿಯಲ್ಲ ಮಾವ."

"ನೀನೇ ಬರಿ. ಓದಿದೋಳು."

"ನಾನು ಫೋನಿನಲ್ಲಿ ಇರಲಿಲ್ಲ. ನೀವಿದ್ದಿರಿ."

ಬರೆಯುವ ಪುಸ್ತಕ ಮತ್ತು ಪೆನ್ನನ್ನು ಅವರ ತಟ್ಟೆಯ ಪಕ್ಕದಲ್ಲಿಟ್ಟೆ. ಪ್ರತಿ ಊಟಕ್ಕೂ ಇಡುತ್ತಿದ್ದೆ. ಅವರು ಅದನ್ನು ಸರಿಸಿ ಉಪ್ಪಿನ ಡಬ್ಬಿಯ ಹಿಂದೆ ಇಡುತ್ತಿದ್ದರು. ಅತ್ತೆ ತಮ್ಮದೇ ಮುಷ್ಕರ ಹೂಡಿದರು. ಟೋರ್ಟಿಯಾ ಮೂರೇ ಮಾಡುತ್ತಿದ್ದರು. ಮಾವನಿಗೆ ಅಂಗಡಿಯ ಬ್ರೆಡ್ಡು, ತಣ್ಣನೆಯ ಬೀನ್ಸ್.

"ಇದೇನು, ಜೈಲಾ?"

"ಜೈಲಲ್ಲಿ ಬಿಸಿಯಾಗಿ ಕೊಡ್ತಾರಂತೆ."

"ನಲವತ್ತೊಂಬತ್ತು ವರ್ಷ ಆಯ್ತು ನಿನ್ನ ಕಟ್ಕೊಂಡು."

"ಆರು ತಿಂಗಳಲ್ಲಿ ಸರಿಹೋಗ್ತೀಯ ಅಂತ ನಮ್ಮಪ್ಪನೂ ಹೇಳಿದ್ದ."

ಹೀಗೆ ಮೂರು ವಾರ. ಡೆಲ್ಫೀನ್ ಎರಡು ಸಲ ಫೋನ್ ಮಾಡಿದಳು. ಎರಡೂ ಹಾಳೆ ಬಂದಿಲ್ಲ ಎಂದೆ. ಅರ್ಜಿಯ ಉಳಿದ ಭಾಗ ತುಂಬಿದ್ದೆ. 'ಮಂಡಳಿಯಿಂದ ನಿಮಗೇನು ಬೇಕು' ಎಂಬ ಜಾಗದಲ್ಲಿ ಏನು ಬರೆಯಲಿ ಎಂದು ಅತ್ತೆಯನ್ನು ಕೇಳಿದೆ. "ನನ್ನ ಮಗನ್ನ ವಾಪಸ್ ಕೊಡಿ ಅಂತ ಬರೆದ್ರೆ ಕೊಡ್ತಾರಾ?" ಎಂದರು. "ಹಾಗಿದ್ರೆ ಆ ಚೌಕದಲ್ಲಿರೋದನ್ನ ತಿದ್ದಿ ಅಂತಲೇ ಬರಿ."

ಅಕ್ಟೋಬರ್ ಇಪ್ಪತ್ತು, ಶುಕ್ರವಾರ. ಮಂಗಳವಾರ ಕೊನೆಯ ದಿನ. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಅಂಚೆ ಕಚೇರಿ ಮುಚ್ಚುವ ಮೊದಲು ಕೊಟ್ಟರೆ ಸೋಮವಾರ ತಲುಪುತ್ತದೆ. ಊಟದ ಹೊತ್ತಿಗೆ ಫೋನ್ ಬಂತು. ಅತ್ತೆ ತೆಗೆದುಕೊಂಡರು.

"ಹೇಳು ಸೆಫೆ... ನಾಳೆ ಹತ್ತಕ್ಕೆ ಮಣ್ಣಾ? ಅಯ್ಯೋ, ಅವನಿಗೆ ಬರಕ್ಕಾಗಲ್ಲ. ಹಾಸಿಗೆ ಹಿಡಿದಿದಾನೆ. ಜ್ವರ, ಭೇದಿ. ಆರನೆಯವನಿಗೆ ಬೇರೆ ಯಾರನ್ನಾದ್ರೂ ನೋಡ್ಕೊ." ಇಟ್ಟರು.

ಮಾವ ಬ್ರೆಡ್ಡು ಹಿಡಿದು ಕುಳಿತಿದ್ದರು. "ನನಗೇನಾಗಿದೆ?"

"ಏನೂ ಆಗಿಲ್ಲ. ಸುಳ್ಳು ಹೇಳಿದೆ."

"ಯಾಕೆ?"

"ಹದಿನಾಲ್ಕು ವರ್ಷ ನೀನು ಹೇಳ್ಕೊಂಡು ಬದುಕಿದೀಯ. ನಾನು ಒಂದು ಹೇಳಬಾರದಾ?"

ಮಾವ ಬ್ರೆಡ್ಡು ಕೆಳಗಿಟ್ಟರು. ಉಪ್ಪಿನ ಡಬ್ಬಿಯ ಹಿಂದಿನಿಂದ ಪುಸ್ತಕ ಎಳೆದುಕೊಂಡರು. ಸಂಜೆ ನಾಲ್ಕರ ತನಕ ಬರೆದರು. ಅರ್ಧ ಹಾಳೆಯೂ ತುಂಬಲಿಲ್ಲ. ಪೇಟೆಯ ಬ್ಯಾಂಕಿನಲ್ಲಿ ನೋಟರಿ ಇದ್ದಾರೆ, ಅಲ್ಲಿ ನಮ್ಮನ್ನು ಯಾರೂ ಗುರುತಿಸುವುದಿಲ್ಲ ಎಂದೆ.

"ಬೇಡ," ಎಂದರು. "ಸೆಫೆ ಹತ್ರಾನೇ."

ಶನಿವಾರ ಒಂಬತ್ತೂವರೆಗೆ ಮಾಜಿ ಸೈನಿಕರ ಸಭಾಂಗಣಕ್ಕೆ ಹೋದೆವು. ತುಕಡಿಯ ಐವರೂ ಅಲ್ಲಿದ್ದರು, ಬಂದೂಕು ಒರೆಸುತ್ತಿದ್ದರು. ಮಾವ ಅದೇ ಸುಕ್ಕು ಅಂಗಿ ತೊಟ್ಟು ಟೋಪಿ ಹಾಕಿದ್ದರು.

"ಅರೆ, ಭೇದಿ ನಿಂತೋಯ್ತಾ?" ಎಂದರು ಸೆಫೆರಿನೊ. ಎಲ್ಲರೂ ನಕ್ಕರು.

"ನಿನ್ನ ಮುದ್ರೆ ಬೇಕು."

"ಮಣ್ಣು ಮುಗಿಸ್ಕೊಂಡು ಬಂದು ಹಾಕ್ಕೊಡ್ತೀನಿ."

"ಈಗಲೇ."

ಸೆಫೆರಿನೊ ಬೀರುವಿನಿಂದ ಮುದ್ರೆ ತಂದರು. ಮಾವನ ಗುರುತಿನ ಚೀಟಿ ನೋಡಿದರು. ಐವತ್ತು ವರ್ಷದ ಗೆಳೆಯನ ಚೀಟಿಯನ್ನು ಎರಡೂ ಕಡೆ ತಿರುಗಿಸಿ ನೋಡಿದರು. ನಿಯಮ.

"ಬಲಗೈ ಎತ್ತು. ಇದರಲ್ಲಿ ಬರೆದಿರೋದೆಲ್ಲ ನಿಜ ಅಂತ ಪ್ರಮಾಣ ಮಾಡ್ತೀಯಾ?"

"ಏನು ಬರೆದಿದೀನಿ ಅಂತ ಕೇಳಿಸ್ಕೊ ಮೊದಲು."

"ನಾನು ಕೇಳಬೇಕಾಗಿಲ್ಲ, ಕಂಪಾದ್ರೆ. ನೋಟರಿ ಓದಬೇಕು ಅಂತಿಲ್ಲ."

"ನೀನು ಕೇಳಬೇಕು."

ಓದಿದರು. ಗಟ್ಟಿಯಾಗಿ, ಶಾಲೆಯ ಮಗು ಓದುವ ಹಾಗೆ. 'ನನ್ನ ಮಗ ಎಲಾದಿಯೊ ವಕೀಲರನ್ನು ಕೇಳುತ್ತೇನೆ ಎಂದ. ಬೇಡ ಎಂದವನು ನಾನು. ಆರು ತಿಂಗಳಲ್ಲಿ ಪತ್ರ ತಾನಾಗಿ ಗೌರವಯುತವಾಗುತ್ತದೆ ಎಂದವನು ನಾನು. ಆರು ತಿಂಗಳ ನಂತರ, ಆಗಿದೆ ಎಂದು ಹೇಳಿ ರಸ್ತೆ ಇಲಾಖೆಯ ಅರ್ಜಿಯಲ್ಲಿ ಹಾಗೆ ಬರೆಸಿದವನೂ ನಾನು. ಅವನನ್ನು ಸುಳ್ಳುಗಾರ ಎಂದಾಗ ಅವನು ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ.'

ಬಂದೂಕು ಒರೆಸುವ ಬಟ್ಟೆಗಳು ನಿಂತಿದ್ದವು.

"ನನಗೆ ಯಾಕೋ ಹೇಳಲಿಲ್ಲ?" ಎಂದರು ಸೆಫೆರಿನೊ.

"ನೀನು ನನ್ನನ್ನ ಕೇಳಲಿಲ್ಲ."

"ಅವನನ್ನ ಕೇಳಿದ್ನಲ್ಲ!"

"ನೀನು ಇಪ್ಪತ್ತು ಜನರ ಮುಂದೆ ಕೇಳಿದೆ."

ಸೆಫೆರಿನೊ ಮುದ್ರೆ ಒತ್ತಿದರು. ಮೊದಲ ಸಲ ಸರಿಯಾಗಿ ಬೀಳಲಿಲ್ಲ. ಇನ್ನೊಮ್ಮೆ ಒತ್ತಿದರು. ಚರ್ಚಿನ ಗಂಟೆ ಶುರುವಾಯಿತು. ಐವರೂ ಎದ್ದರು. ನಾನು ಬರೆಯುವ ಪುಸ್ತಕದ ಹೊಸ ಹಾಳೆಯನ್ನು ಸೆಫೆರಿನೊ ಮುಂದಿಟ್ಟೆ.

"ಈಗ ನಿಮ್ಮದು."

"ಸೋಮವಾರ ಬರ್ಕೊಡ್ತೀನಮ್ಮ, ಆಣೆಗೂ."

"ಅಂಚೆ ಕಚೇರಿ ಹನ್ನೆರಡಕ್ಕೆ ಮುಚ್ಚುತ್ತೆ."

"ಅಲ್ಲಿ ಹೆಣ ಕಾಯ್ತಿದೆ, ಇನೆಸ್."

"ಕಾಯಲಿ. ಅವರಿಗೇನು ಅವಸರ? ನನ್ನ ಗಂಡ ಹದಿನೈದು ವರ್ಷ ಕಾದಿದಾನೆ."

ನನ್ನ ಧ್ವನಿ ಆ ಸಭಾಂಗಣದಲ್ಲಿ ಅಷ್ಟು ಜೋರಾಗಿ ಕೇಳಿದ್ದು ನನಗೇ ಹೊಸದು. ಎಲಾದಿಯೊ ಹೋದ ಮೇಲೆ ನಾನು ಯಾರ ಮೇಲೂ ಕೂಗಿರಲಿಲ್ಲ. ಸೆಫೆರಿನೊ ಟೋಪಿ ತೆಗೆದು ಕುಳಿತರು. ಬರೆದರು. ಹತ್ತು ವರ್ಷದ ಹೂಳು, ಮೂವರು ವಿಧವೆಯರ ಕಾಲುವೆ, ಕುಡಿತ ಬಿಟ್ಟದ್ದು, ಎಲ್ಲ ಬಂತು. ನಾನು ಹಿಂದೆ ನಿಂತು ಓದುತ್ತಿದ್ದೆ. 'ಅರ್ಜಿಯ ವಿಷಯದಲ್ಲಿ ಸ್ವಲ್ಪ ತಪ್ಪು ತಿಳುವಳಿಕೆ ಆಗಿತ್ತು' ಎಂದು ಬರೆದರು.

"ಅದನ್ನ ಹೊಡೆದು ಹಾಕಿ. ಸುಳ್ಳುಗಾರ ಅಂತ ನೀವು ಅಂದಿರಿ, ಅವನು ಸುಳ್ಳುಗಾರ ಆಗಿರಲಿಲ್ಲ. ಆ ಪದಾನೇ ಬರೀರಿ."

ಬರೆದರು. ಆ ದಿನದ ಮಣ್ಣು ಹದಿನೈದು ನಿಮಿಷ ತಡವಾಯಿತಂತೆ.

ಮಾವ ಟೋಪಿಯನ್ನು ಮೇಜಿನ ಮೇಲಿಟ್ಟರು. "ಮಡಚೋಕೆ ಬೇರೆ ಯಾರಿಗಾದ್ರೂ ಕಲಿಸು," ಎಂದರು ಸೆಫೆರಿನೊಗೆ. "ನನ್ನ ಮಗನ ಕಾಗದ ಬಂದಾಗ ಬರ್ತೀನಿ." ನನ್ನ ಜೊತೆ ಕಾರು ಹತ್ತಿದರು. ಪೇಟೆಗೆ ಒಂದು ಗಂಟೆಗೂ ಹೆಚ್ಚಿನ ದಾರಿ. ಅಂಚೆ ಕಚೇರಿಗೆ ಹನ್ನೊಂದೂ ನಲವತ್ತಕ್ಕೆ ತಲುಪಿದೆವು.

ಅವರನ್ನು ನಾನು ಕ್ಷಮಿಸಿಲ್ಲ. ಮನೆಯಲ್ಲಿ ಯಾರೂ ಆ ಪದ ಎತ್ತಿಲ್ಲ. ಅತ್ತೆ ಮತ್ತೆ ನಾಲ್ವರಿಗೂ ಟೋರ್ಟಿಯಾ ಮಾಡುತ್ತಾರೆ. ಪಿಲಾರ್ ಶಾಲೆಯ ಗೋಡೆಗೆ ಎರಡು ಹೆಸರು ಬರೆದುಕೊಟ್ಟಳು. ಬಿಳಿ ಅಂಗಿ ಇಸ್ತ್ರಿಯಿಲ್ಲದೆ ಕಪಾಟಿನಲ್ಲಿದೆ.

ಈಗ ಏಪ್ರಿಲ್. ಉತ್ತರಕ್ಕೆ ಒಂದು ವರ್ಷವಾಗಬಹುದು, ಹೆಚ್ಚೂ ಆಗಬಹುದು, ಸಿಗದೆಯೂ ಇರಬಹುದು ಎಂದಿದ್ದಾಳೆ ಡೆಲ್ಫೀನ್. ಮಾವನಿಗೆ ಅದು ಗೊತ್ತು. ಆದರೂ ಹನ್ನೊಂದಕ್ಕೆ ಅಂಚೆಯ ಗಾಡಿ ಹೋದ ಕೂಡಲೇ ರಸ್ತೆ ಬದಿಯ ಡಬ್ಬಿಗೆ ನಡೆಯುತ್ತಾರೆ. ಅತ್ತೆ ಬಾಗಿಲಿಗೆ ಬಂದು ಕೂಗುತ್ತಾರೆ.

"ಏನ್ ಮುದುಕ, ಆರು ತಿಂಗಳಾಯ್ತಲ್ಲ. ಸರಿಹೋಯ್ತಾ?"

ಮಾವ ಡಬ್ಬಿಯ ಮುಚ್ಚಳ ಹಾಕುತ್ತಾರೆ. ಎದುರು ಮನೆಯವರು, ಕಾಲುವೆಯಲ್ಲಿ ಹೂಳೆತ್ತುವವರು, ಆ ರಸ್ತೆಯಲ್ಲಿ ಹೋಗುವವರು ಯಾರಿದ್ದರೂ ಕೇಳುವಂತೆ ಗಟ್ಟಿಯಾಗಿ ಹೇಳುತ್ತಾರೆ:

"ಇಲ್ಲ. ಸರಿಹೋಗಿಲ್ಲ."